ಡಬ್ಬಿಯ ಮೇಲಿನ ಅಂಕಿ

ಕಳೆದ ಚಳಿಗಾಲದಲ್ಲಿ ನಮ್ಮೂರ ಗದ್ದೆಯಲ್ಲಿ ಬಯಲಾಟವಿತ್ತು. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿದ್ದ ವೇಷಧಾರಿಯೊಬ್ಬರ ಫೋಟೋ ತೆಗೆಯಲು ಹೋಗಿದ್ದೆ. ಇದ್ದದ್ದು ಒಂದೇ ಬಲ್ಬು. ಕ್ಯಾಮೆರಾದ ಹಿಂಬದಿಯ ಪರದೆ ನೋಡುತ್ತ ಐಎಸ್‌ಒ ಚಕ್ರ ತಿರುಗಿಸಿದೆ. 400ರಲ್ಲಿ ಬರೀ ಮಸಿ, 1600ಕ್ಕೆ ಮೂಗಿನ ಗೆರೆ ಕಂಡಿತು, 3200ಕ್ಕೆ ಮುಖದ ಕೆಂಪು ಎದ್ದುಬಂತು. ಪರದೆಯ ಅಂಚಿನಲ್ಲಿ ಮೀಟರಿನ ಗುರುತು ಮೆಲ್ಲಗೆ ಸರಿದು ಸೊನ್ನೆಯ ಹತ್ತಿರ ನಿಂತಿತು. ಪಕ್ಕದಲ್ಲಿ ಇಣುಕುತ್ತಿದ್ದ ಹುಡುಗ ಕೇಳಿದ: “ಅಂಕಲ್, ಲೈಟ್ ಜಾಸ್ತಿ ಮಾಡಿದ್ರಾ?”

ಇಲ್ಲ, ಬೆಳಕು ಇದ್ದಷ್ಟೇ ಇತ್ತು. ಹಾಗಾದರೆ ಹೆಚ್ಚಾದದ್ದು ಏನು? ಈ ಪ್ರಶ್ನೆಯ ಬೆನ್ನಿಗೆ ನೂರು ವರ್ಷಕ್ಕೂ ಹಿಂದಿನ ಕತೆಯೊಂದಿದೆ.

ಇಂಗ್ಲೆಂಡಿನ ವಿಡ್ನೆಸ್ ಎಂಬುದು ಕ್ಷಾರದ ಕಾರ್ಖಾನೆಗಳ ಊರು. ಅಲ್ಲಿ ಕೆಲಸಕ್ಕಿದ್ದ ಫರ್ಡಿನಾಂಡ್ ಹರ್ಟರ್ ರಸಾಯನಶಾಸ್ತ್ರಜ್ಞ, ವೆರೋ ಚಾರ್ಲ್ಸ್ ಡ್ರಿಫೀಲ್ಡ್ ಎಂಜಿನಿಯರ್. ಇಬ್ಬರಿಗೂ ಬಿಡುವಿನ ವೇಳೆಯಲ್ಲಿ ಫೋಟೋಗ್ರಫಿಯ ಗೀಳು. ಆಗ ಗಾಜಿನ ಪ್ಲೇಟುಗಳ ಪೆಟ್ಟಿಗೆಯ ಮೇಲೆ ತಯಾರಕರು ‘ಶೀಘ್ರ’, ‘ಅತಿಶೀಘ್ರ’ ಎಂದು ಬರೆದುಬಿಡುತ್ತಿದ್ದರು. ಒಬ್ಬನ ಶೀಘ್ರ ಇನ್ನೊಬ್ಬನ ನಿಧಾನ. ಈ ಗೆಳೆಯರು ಮೇಣದ ಬತ್ತಿಯ ಬೆಳಕನ್ನು ಅಳತೆಯ ಮೆಟ್ಟಿಲುಗಳಲ್ಲಿ ಪ್ಲೇಟಿಗೆ ಬೀಳಿಸಿ, ತೊಳೆದು, ಎಷ್ಟು ಬೆಳಕಿಗೆ ಎಷ್ಟು ಕಪ್ಪು ಎಂದು ಅಳೆದರು. 1890ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದನ್ನು ಒಂದು ವಕ್ರರೇಖೆಯಾಗಿ ತೋರಿಸಿ, ಪ್ಲೇಟಿನ ವೇಗಕ್ಕೆ ಅಂಕಿ ಕೊಡುವ ದಾರಿ ಮಾಡಿಕೊಟ್ಟರು. ಅದಕ್ಕೂ ಮೊದಲೇ ಅವರು ಅಕ್ಷಾಂಶ, ತಿಂಗಳು, ಗಂಟೆ ನೋಡಿ ಎಷ್ಟು ಹೊತ್ತು ಬೆಳಕು ಬಿಡಬೇಕೆಂದು ಹೇಳುವ, ಜಾರುಪಟ್ಟಿಯಂಥ ಒಂದು ಉಪಕರಣವನ್ನೂ ಮಾಡಿದ್ದರು. ಪಂಚಾಂಗ ನೋಡಿ ಫೋಟೋ ತೆಗೆದ ಹಾಗೆ!

ಆಮೇಲೆ ಅಂಕಿಗಳು ಹಲವಾದವು. 1934ರಲ್ಲಿ ಜರ್ಮನಿಯ ಡಿನ್ ಬಂತು. ಅದರಲ್ಲಿ 3 ಡಿಗ್ರಿ ಏರಿದರೆ ವೇಗ ದುಪ್ಪಟ್ಟು. 1943ರಲ್ಲಿ ಅಮೆರಿಕದ ಎಎಸ್‌ಎ ಬಂತು. ಅದರಲ್ಲಿ ಅಂಕಿ ದುಪ್ಪಟ್ಟಾದರೆ ವೇಗವೂ ದುಪ್ಪಟ್ಟು. 1970ರ ದಶಕದಲ್ಲಿ ಇವೆರಡನ್ನೂ ಒಂದೇ ಸಾಲಿನಲ್ಲಿ ಕೂರಿಸಿದ್ದೇ ಐಎಸ್‌ಒ. ನನಗೆ ಇದಕ್ಕಿಂತ ಇಷ್ಟವಾಗುವುದು 1960ರ ಘಟನೆ. ಆವರೆಗಿನ ಎಎಸ್‌ಎ ಅಂಕಿಯಲ್ಲಿ ಫೋಟೋಗ್ರಾಫರನ ತಪ್ಪಿಗೆಂದು ಒಂದಿಷ್ಟು ಬೆಳಕನ್ನು ಮೊದಲೇ ಹೆಚ್ಚಿಗೆ ಲೆಕ್ಕ ಹಿಡಿದಿದ್ದರು. ಮೀಟರುಗಳು ಚುರುಕಾದ ಮೇಲೆ ಆ ಔದಾರ್ಯವನ್ನು ತೆಗೆದುಹಾಕಿದರು. ಅದೇ ಕಪ್ಪು-ಬಿಳುಪು ಫಿಲ್ಮು, ಅದೇ ರಸಾಯನ. ಡಬ್ಬಿಯ ಮೇಲಿದ್ದ 100 ಮಾತ್ರ 200 ಆಯಿತು. ಅಂಕಿ ಎಂಬುದು ಬರೀ ವಸ್ತುವಿನ ಗುಣವಲ್ಲ, ಮನುಷ್ಯ ಎಷ್ಟು ತಪ್ಪುತ್ತಾನೆ ಎಂಬ ಅಂದಾಜೂ ಅದರಲ್ಲಿ ಸೇರಿರುತ್ತದೆ ಎಂದು ನನಗೆ ಗೊತ್ತಾದದ್ದು ಇದನ್ನು ಓದಿದಾಗ.

ತಪ್ಪಿನ ವಿಷಯದಲ್ಲಿ ನನಗೆ ಸ್ವಂತ ಅನುಭವವೂ ಇದೆ.

1964ರ ಪೆಂಟಾಕ್ಸ್ ಸ್ಪಾಟ್‌ಮ್ಯಾಟಿಕ್ ಮಾದರಿಯ ಕ್ಯಾಮೆರಾಗಳು ಲೆನ್ಸಿನ ಮೂಲಕವೇ ಒಳಬಂದ ಬೆಳಕನ್ನು ಅಳೆಯುತ್ತಿದ್ದವು. ಸ್ವಿಚ್ಚು ತಳ್ಳಿದರೆ ಕಿಂಡಿ ಕಪ್ಪಾಗುತ್ತಿತ್ತು, ಅದರ ಬದಿಯಲ್ಲಿ ಒಂದು ಮುಳ್ಳು ಅಲುಗುತ್ತಿತ್ತು. ಕಣ್ಣು ತೆಗೆಯದೆ ಮುಳ್ಳನ್ನು ನಡುವಿಗೆ ತಂದರೆ ಸಾಕು. ಆದರೆ ಒಳಗಿರುವ ಫಿಲ್ಮಿನ ವೇಗ ಎಷ್ಟೆಂದು ಮುಳ್ಳಿಗೆ ತಾನಾಗಿ ಗೊತ್ತಿಲ್ಲ. ಅದನ್ನು ನಾವೇ ಒಂದು ಡಯಲಿನಲ್ಲಿ ಹೇಳಬೇಕು. ಆ ಡಯಲು ತಿರುಗಿಸಿದರೆ ಫಿಲ್ಮು ಬದಲಾಗುವುದಿಲ್ಲ, ಮೀಟರಿನ ನಂಬಿಕೆ ಬದಲಾಗುತ್ತದೆ, ಅಷ್ಟೆ.

ಮಾವ ಕೊಟ್ಟ ಅಂಥದೊಂದು ಕ್ಯಾಮೆರಾಕ್ಕೆ ಕಾಲೇಜಿನ ದಿನಗಳಲ್ಲಿ 100ರ ರೋಲು ತುಂಬಿದೆ. ಡಯಲು ಹಿಂದಿನ ಸಲದ 400ರಲ್ಲೇ ಇತ್ತು, ನಾನು ನೋಡಲಿಲ್ಲ. ಜಗಲಿಯಲ್ಲಿ ಅಜ್ಜಿಯನ್ನು ಕೂರಿಸಿ, ವೀಳ್ಯ ಮಡಚುವಾಗ, ನಗುವಾಗ, ಬೈಯುವಾಗ, 36 ಫೋಟೋ ತೆಗೆದೆ. ಪ್ರತಿಯೊಂದರಲ್ಲೂ ಮುಳ್ಳು ನೆಟ್ಟಗೆ ನಡುವೆ ನಿಂತಿತ್ತು. ಫಿಲ್ಮಿಗೆ ಸಿಕ್ಕಿದ್ದು ಬೇಕಾದುದರ ಕಾಲುಭಾಗ ಬೆಳಕು. ಸ್ಟುಡಿಯೋದವರು ನೆಗೆಟಿವ್ ಎತ್ತಿ ಹಿಡಿದು, “ಎಂತ ಮಾರಾಯ, ಇದರಲ್ಲಿ ಏನೂ ಇಲ್ಲವಲ್ಲ!” ಎಂದರು. ಇನ್ನೊಮ್ಮೆ ತೆಗೆಯೋಣ ಎಂದುಕೊಂಡೆ. ಆ ಮಳೆಗಾಲದಲ್ಲಿ ಅಜ್ಜಿ ಹೋದಳು.

ಈಗಿನ ಮಕ್ಕಳಿಗೆ ಈ ತಪ್ಪು ಮಾಡಲು ಸಾಧ್ಯವೇ ಇಲ್ಲ. 2006ರ ಒಲಿಂಪಸ್ ಇ-330 ಬಂದ ಮೇಲೆ ಲೆನ್ಸು ಬದಲಿಸುವ ಕ್ಯಾಮೆರಾದಲ್ಲೂ ಫೋಟೋ ಹೇಗೆ ಬರುತ್ತದೆಂದು ತೆಗೆಯುವ ಮೊದಲೇ ಪರದೆಯಲ್ಲಿ ನೋಡುವುದು ನಿಧಾನವಾಗಿ ರೂಢಿಯಾಯಿತು. ಡಯಲು ತಿರುಗಿಸಿದ ಕ್ಷಣವೇ ಅದರ ಫಲ ಕಣ್ಣೆದುರು. ಒಂದು ರೋಲಿಗೆ ಒಂದೇ ಅಂಕಿ ಎಂಬ ಕಟ್ಟುಪಾಡೂ ಹೋಯಿತು, ಚೌಕಿಯಲ್ಲಿ 3200, ಬೆಳಿಗ್ಗೆ ಗದ್ದೆಯಲ್ಲಿ 100. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಕತ್ತಲಲ್ಲಿ ಪರದೆ ಇದ್ದುದಕ್ಕಿಂತ ಬೆಳ್ಳಗೆ ಕಾಣುತ್ತದೆ. ಸಾಕೆಂದು ನಿಲ್ಲಿಸಿದರೆ ಮನೆಗೆ ಬಂದು ನೋಡುವಾಗ ಮುಖ ಕಪ್ಪು. ಆದ್ದರಿಂದ ನಾನು ಈಗಲೂ ಕಣ್ಣಿಗಿಂತ ಮೀಟರನ್ನು ನಂಬುತ್ತೇನೆ. ಅಂಕಿಯನ್ನು ಪೂರ್ತಿ ನಂಬುವುದಿಲ್ಲ. ಡಿಜಿಟಲ್ ಕ್ಯಾಮೆರಾದ ಐಎಸ್‌ಒ ನಿಯಮ ಅಳೆಯಲು ಒಂದಕ್ಕಿಂತ ಹೆಚ್ಚು ದಾರಿ ಬಿಟ್ಟಿದೆ, ಅದರಲ್ಲೊಂದು ಬಹುಪಾಲು ತಯಾರಕರ ವಿವೇಚನೆಗೇ ಸೇರಿದ್ದು. ವಿಡ್ನೆಸ್‌ನ ಗೆಳೆಯರು ಕೇಳಿದ್ದರೆ ಮುಖ ಸಿಂಡರಿಸುತ್ತಿದ್ದರು.

ಹುಡುಗನಿಗೆ ಹೇಳಿದೆ: ಕ್ಯಾಮೆರಾದ ಒಳಗೆ ಬಿದ್ದ ಬೆಳಕು ವಿದ್ಯುತ್ತಾಗುತ್ತದೆ, ಈ ಚಕ್ರ ಅದನ್ನು ದೊಡ್ಡದು ಮಾಡುತ್ತದೆ, ಭಾಗವತರ ಮೈಕಿನ ಹಾಗೆ. ದನಿ ಸಣ್ಣಗಿದ್ದರೆ ಮೈಕು ಜೋರು ಮಾಡಬಹುದು, ಜೊತೆಗೆ ಕರಕರವೂ ಜೋರಾಗುತ್ತದೆ. ಚಿತ್ರದ ಮರಳುಮರಳಿಗೆ ಎಲ್ಲರೂ ಐಎಸ್‌ಒವನ್ನು ಬೈಯುತ್ತಾರೆ. ನಿಜವಾಗಿ ಅದು ಬಹುಪಾಲು ಬೆಳಕಿನ ಬಡತನ. “ದನಿಯೇ ಇಲ್ಲದಿದ್ರೆ?” ಎಂದ ಅವನು. ವೇಷಧಾರಿ ಕಿರೀಟ ಕಟ್ಟಿಕೊಂಡು ಎದ್ದರು, ನಾವು ದಾರಿ ಬಿಟ್ಟೆವು.

ಮನೆಗೆ ಬಂದು ಆ ನೆಗೆಟಿವ್ ಪಟ್ಟಿಗಳನ್ನು ಹುಡುಕಿದೆ. ಲ್ಯಾಪ್‌ಟಾಪಿನ ಬಿಳಿ ಪರದೆಯ ಮುಂದೆ ಒಂದೊಂದನ್ನೇ ಹಿಡಿದು ಇದೇ ಕ್ಯಾಮೆರಾದಿಂದ ತೆಗೆದೆ, ಚಕ್ರ ತಿರುಗಿಸಿದೆ, ಕಂಪ್ಯೂಟರಿನಲ್ಲಿ ತಿರುವುಮುರುವು ಮಾಡಿ ಎಷ್ಟು ಎಳೆಯಬಹುದೋ ಅಷ್ಟೂ ಎಳೆದೆ. ಹದಿನೇಳನೆಯದರಲ್ಲಿ ಸೀರೆಯ ಬಿಳಿ ಅಂಚು ಬಂತು, ಹಿತ್ತಾಳೆಯ ತಟ್ಟೆಯ ಅರ್ಧ ಸುತ್ತು ಬಂತು. ಕತ್ತಲ ನಡುವೆ ಮೂಗುಬೊಟ್ಟಿನ ಒಂದು ಚುಕ್ಕೆಯೂ ಬಂತು. ಅದರ ಸುತ್ತ ಮುಖ ಇರಬೇಕಾದಲ್ಲಿ ಫಿಲ್ಮು ಬರಿದಾಗಿದೆ.