ಬಿದ್ದ ಮನೆಯ ಕಲ್ಲು ಎಲ್ಲಿಗೆ ಹೋಯಿತು?



ಏಳನೆಯ ತರಗತಿಯಲ್ಲಿ ಕಿಲ್ಲಾರಿ ಭೂಕಂಪದ ಬಗ್ಗೆ ಹೇಳುತ್ತಿದ್ದೆವು. ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ: "ಸರ, ಅಷ್ಟು ಮನಿ ಬಿದ್ದುವಲ್ಲಾ, ಆ ಕಲ್ಲೆಲ್ಲಾ ಎಲ್ಲಿ ಹೋದ್ವರೀ?" ಸತ್ತವರ ಲೆಕ್ಕ ನಮಗೆ ಗೊತ್ತಿತ್ತು, ಕಂಪನದ ಅಳತೆಯೂ ಗೊತ್ತಿತ್ತು. ಕಲ್ಲಿನ ಲೆಕ್ಕ ಮಾತ್ರ ನಮಗೆ ಯಾರೂ ಕಲಿಸಿರಲಿಲ್ಲ. ಯೆಣೆಗೂರಿನ ಸುತ್ತಮುತ್ತಲಿನ ಶಾಲೆಗಳ ಮಕ್ಕಳಿಗೆ ಇದು ದೂರದ ಕತೆಯಲ್ಲ, ಪಕ್ಕದ ಊರಿನ ಕತೆ. ಅದಕ್ಕೇ ಈ ಬರಹ.

1993ರ ಸೆಪ್ಟೆಂಬರ್ 30. ಹಿಂದಿನ ರಾತ್ರಿ ಗಣಪತಿಯನ್ನು ಕಳಿಸಿ ಜನ ದಣಿದು ಮಲಗಿದ್ದರು. ಬೆಳಗಿನ ಜಾವ 3 ಗಂಟೆ 56 ನಿಮಿಷಕ್ಕೆ ಭೂಮಿ ನಡುಗಿತು. ನಾವು ಆಗ ಶಾಲೆಗೆ ಹೋಗುವ ಹುಡುಗರು. ಔಸಾ ತಾಲೂಕಿನ ಕಿಲ್ಲಾರಿ, ಆಗ ನಮ್ಮ ಉಮರ್ಗಾ ತಾಲೂಕಿನಲ್ಲೇ ಇದ್ದು ಈಗ ಲೋಹಾರಾಕ್ಕೆ ಸೇರಿದ ಸಾಸ್ತೂರ, ಇಂಥ ಹತ್ತಾರು ಊರುಗಳು ನೆಲಸಮವಾದವು. ಸತ್ತವರು ಎಂಟು ಸಾವಿರವೆಂದು ಕೆಲವರು, ಹತ್ತು ಸಾವಿರದ ಹತ್ತಿರವೆಂದು ಕೆಲವರು ಬರೆದಿದ್ದಾರೆ. ಭೂಕಂಪದ ಅಳತೆ ಸುಮಾರು 6.2. ಜಗತ್ತಿನ ದೊಡ್ಡ ಭೂಕಂಪಗಳ ಎದುರು ಇದೇನೂ ದೊಡ್ಡದಲ್ಲ. ಹಾಗಿದ್ದೂ ಇಷ್ಟು ಜನ ಏಕೆ ಸತ್ತರು?

ಉತ್ತರ ನಮ್ಮ ಮನೆಗಳಲ್ಲೇ ಇತ್ತು. ಎರಡು-ಮೂರು ಅಡಿ ದಪ್ಪದ ಗೋಡೆ. ಹೊರಗೊಂದು ಸಾಲು ಕಲ್ಲು, ಒಳಗೊಂದು ಸಾಲು ಕಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡೂ ಸಾಲನ್ನು ಹಿಡಿದು ನಿಲ್ಲಿಸುವ ಉದ್ದಗಲ್ಲು ಇರಲಿಲ್ಲ. ಮೇಲೆ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ. ಪ್ರತಿ ವರ್ಷ ಮಿರಗ ಮಳೆ ಬರುವ ಮುಂಚೆ ಮಾಳಿಗೆ ಸೋರಬಾರದೆಂದು ಬುಟ್ಟಿಗಟ್ಟಲೆ ಹಾಳಮಣ್ಣು ಹೊತ್ತು ಹಾಕುತ್ತಿದ್ದರು. ಹಳೆಯ ಮಣ್ಣನ್ನು ತೆಗೆಯುವ ಪದ್ಧತಿ ಇರಲಿಲ್ಲ. ತೆಗೆದರೆ ಎಲ್ಲಿ ಹಾಕುವುದು? ಹೀಗೆ ಅಜ್ಜನ ಕಾಲದ ಮಣ್ಣು, ಅಪ್ಪನ ಕಾಲದ ಮಣ್ಣು ಎಲ್ಲವೂ ತಲೆಯ ಮೇಲೆಯೇ ಕುಳಿತಿತ್ತು. ಆ ರಾತ್ರಿ ಅದೆಲ್ಲ ಒಮ್ಮೆಗೇ ಇಳಿಯಿತು. ಹಿರಿಯರನ್ನು ದೂರಲು ಹೇಳುತ್ತಿಲ್ಲ, ಆದರೆ ಈ ಮಾತನ್ನು ಹೇಳದೆ ಇರಲೂ ಆಗದು.

ಇನ್ನು ಆ ಕಲ್ಲಿನ ಕತೆ. ಸೈನಿಕರೂ ಊರವರೂ ಅದನ್ನು ಸರಿಸಿದ್ದು ಹೆಣ ತೆಗೆಯುವುದಕ್ಕೆ. ಬಿದ್ದ ಮನೆಗಳ ತೊಲೆ-ಬಾಗಿಲುಗಳೇ ಚಿತೆಯ ಕಟ್ಟಿಗೆಯಾದವು. ಮುಂದೆ ಸರಕಾರ ಹೆಚ್ಚು ಹಾಳಾದ 52 ಊರುಗಳನ್ನು ಬೇರೆ ಜಾಗಕ್ಕೆ ಒಯ್ದು ಕಟ್ಟಲು ನಿರ್ಧರಿಸಿತು. 1994ರಲ್ಲಿ ವಿಶ್ವಬ್ಯಾಂಕಿನ ಸಾಲ ಬಂತು. ಹೊಸ ಊರು, ಹೊಸ ಮನೆ, ಅಗಲ ರಸ್ತೆ. ಹಳೆಯ ಊರಿನ ಕಲ್ಲು ಇದ್ದಲ್ಲೇ ಉಳಿಯಿತು, ಅದರ ಮೇಲೆ ಜಾಲಿ ಬೆಳೆಯಿತು. ಸಾವು ಕಂಡ ನೆಲಕ್ಕೆ ಜನರೂ ಮರಳಲು ಒಪ್ಪಲಿಲ್ಲ, ಅದು ಸಹಜ. ಆದರೆ ರೈತನ ಲೆಕ್ಕ ಬೇರೆ: ಹೊಸ ಊರಿಗೆ ಕಪ್ಪು ಮಣ್ಣಿನ ಹೊಲ ಹೋಯಿತು, ಹಳೆಯ ಊರಿನ ಜಾಗ ಕಲ್ಲಿನಡಿ ಹೋಯಿತು.

ಸ್ಥಳಾಂತರವಾಗದ ಊರುಗಳಲ್ಲಿ ನಡೆದದ್ದು ನಮಗೆ ಹೆಚ್ಚು ಮುಖ್ಯವೆನಿಸುತ್ತದೆ. ಅಲ್ಲಿ ಸುಮಾರು 2 ಲಕ್ಷ ಮನೆಗಳ ದುರಸ್ತಿಗೆ ಮನೆಯವರಿಗೇ ಕಂತಿನಲ್ಲಿ ಹಣ ಬಂತು. ಎಂಜಿನಿಯರರು ಹೇಳಿದ್ದು ಸರಳ: ಗೋಡೆಯಲ್ಲಿ ಉದ್ದಗಲ್ಲು ಕೂಡಿಸಿ, ಮೂಲೆ ಭದ್ರ ಮಾಡಿ, ಸುತ್ತ ಕಾಂಕ್ರೀಟಿನ ಪಟ್ಟಿ ಹಾಕಿ, ಮಾಳಿಗೆಯ ಮಣ್ಣು ಕಡಿಮೆ ಮಾಡಿ. ಜನ ಮೊದಲು ನಂಬಲಿಲ್ಲ. "ಕಲ್ಲು ಕೊಂದದ, ನಮಗ ಸ್ಲ್ಯಾಬೇ ಬೇಕು" ಎಂಬ ಹಠ. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆಯ ಜೊತೆ ಹಳ್ಳಿಯ ಹೆಣ್ಣುಮಕ್ಕಳೇ 'ಸಂವಾದ ಸಹಾಯಕ'ರಾಗಿ ಮನೆಮನೆಗೆ ತಿರುಗಿ ತಿಳಿಸಿ ಹೇಳಿದರು. ಕೊಂದದ್ದು ಕಲ್ಲಲ್ಲ, ಅದನ್ನು ಇಟ್ಟ ರೀತಿ. ಇಳಿಸಿದ ಕಲ್ಲನ್ನೇ ಸರಿಯಾಗಿ ಇಟ್ಟರೆ ಅದು ಮತ್ತೆ ಗೋಡೆ.

ಈಗ ನಮ್ಮ ಊರುಗಳಲ್ಲಿ ಭೂಕಂಪವಿಲ್ಲದೆಯೇ ಮನೆ ಬೀಳುತ್ತಿವೆ. ಘರಕುಲ ಮಂಜೂರಾಯಿತೆಂದರೆ ಹಳೆಯ ಗೋಡೆಗೆ ಜೇಸಿಬಿ. ಎಲ್ಲ ಕೂಡಿ ಟ್ರಾಲಿಗೆ, ಟ್ರಾಲಿ ಹಳ್ಳಕ್ಕೆ. ನಾವು ಹಿಂದೆ ಕೆಲಸ ಮಾಡಿದ ಒಂದು ಊರಿನಲ್ಲಿ ಶಾಲೆಯ ಹಳೆಯ ಕೋಣೆಗಳನ್ನು ಕೆಡವಿದವರು ಹೀಗೇ ಮಾಡಿದರು. ಆ ಮಳೆಗಾಲ ಹಳ್ಳದ ನೀರು ಶಾಲೆಯ ಮೈದಾನಕ್ಕೆ ಬಂತು. ಆಗ ನಾವೂ ಬಾಯಿ ಬಿಡಲಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರವಾಗಿ ಮಕ್ಕಳಿಂದ ಒಂದು ಲೆಕ್ಕ ಮಾಡಿಸಿದೆವು. ಒಳಗೆ 15 ಅಡಿ ಉದ್ದ, 10 ಅಡಿ ಅಗಲದ ಒಂದೇ ಕೋಣೆ. ಗೋಡೆ ಎರಡೂವರೆ ಅಡಿ ದಪ್ಪ, 9 ಅಡಿ ಎತ್ತರ. ಬಾಗಿಲು ಬಿಡದೆ ಲೆಕ್ಕ ಹಾಕಿದರೆ 1350 ಘನ ಅಡಿ, ಅಂದರೆ ಹದಿಮೂರೂವರೆ ಬ್ರಾಸ್. ತೂಕ 70 ಟನ್ನಿಗೂ ಹೆಚ್ಚು! ಇನ್ನೂ ಮಾಳಿಗೆಯ ಮಣ್ಣು ಸೇರಿಲ್ಲ.

2016ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕಟ್ಟಡ ತ್ಯಾಜ್ಯದ ನಿಯಮವು ದಿನಕ್ಕೆ 20 ಟನ್ ಮೀರಿ ತ್ಯಾಜ್ಯ ಮಾಡುವವರು ಮೊದಲೇ ಸ್ಥಳೀಯ ಸಂಸ್ಥೆಗೆ ಯೋಜನೆ ಕೊಡಬೇಕೆಂದಿತ್ತು. ಈ ಕೆಲಸ ವಹಿಸಿದಲ್ಲಿ ಗ್ರಾಮಪಂಚಾಯತಿಯೂ ಸ್ಥಳೀಯ ಸಂಸ್ಥೆಯೇ ಎಂದೂ ಅದರಲ್ಲಿತ್ತು. ಆ ಲೆಕ್ಕದಲ್ಲಿ ನಮ್ಮ ಒಂದು ಕೋಣೆಯೂ ದೊಡ್ಡ ಕುಳ! 2025ರಲ್ಲಿ ಹೊರಟು 2026ರ ಏಪ್ರಿಲ್ 1ರ ದಿನಾಂಕ ಹಾಕಿಕೊಂಡ ಹೊಸ ನಿಯಮದಲ್ಲಿ, ಅವಶೇಷವನ್ನು ಮರುಬಳಕೆಗೆ ತರುವ ಕಟ್ಟಡದವರ ಹೊಣೆ 20,000 ಚದರ ಮೀಟರಿನಿಂದ ಶುರುವಾಗುತ್ತದೆ. ನೈಸರ್ಗಿಕ ವಿಕೋಪದ ಅವಶೇಷ ಅದರ ಹೊರಗೆ. ಅಂದರೆ ಕಿಲ್ಲಾರಿಯ ಕಲ್ಲಿಗೆ ಇಂದೂ ಅದರಲ್ಲಿ ಜಾಗವಿಲ್ಲ.

ದೆಹಲಿಯಂಥ ನಗರದ ಕಾಂಕ್ರೀಟಿಗೆ ಯಂತ್ರ ಬೇಕು. ಬುರಾಡಿಯಲ್ಲಿ 2009ರಲ್ಲೇ ಅಂಥ ಕಾರ್ಖಾನೆ ಬಂತು. ನಮ್ಮ ಗೋಡೆಗೆ ಯಂತ್ರ ಬೇಡ, ಜಾಗ ಬೇಕು. ಕಲ್ಲು ಒಂದು ಕಡೆ, ಮಣ್ಣು ಒಂದು ಕಡೆ, ಕಟ್ಟಿಗೆ ಒಂದು ಕಡೆ ಇಟ್ಟರೆ ಬೇಕಾದವರು ಒಯ್ಯುತ್ತಾರೆ. ಪಾಯಕ್ಕೆ, ಬದುವಿಗೆ, ರಸ್ತೆಯ ತಗ್ಗಿಗೆ. ಎರಡು ಗುಂಟೆ ಗಾಯರಾನ ಸಾಕು.

ಮಕ್ಕಳು ಆ ಲೆಕ್ಕವನ್ನು ಕನ್ನಡದಲ್ಲೂ ಮರಾಠಿಯಲ್ಲೂ ಬರೆದಿದ್ದಾರೆ. ಬರುವ ಗ್ರಾಮಸಭೆಯಲ್ಲಿ ಸರಪಂಚರಿಗೂ ಗ್ರಾಮಸೇವಕರಿಗೂ ಕೊಡುತ್ತೇವೆ. ಓದಿ ಹೇಳುವವನು ಆ ಹಿಂದಿನ ಸಾಲಿನ ಹುಡುಗನೇ.