ಮೈ ಬಿಸಿಯಾಗುವ ಕಥೆ: ಮುಟ್ಟು ನಿಲ್ಲುವ ಕಾಲದ ಔಷಧಿಗಳ ಇತಿಹಾಸ

ನಮ್ಮ ಅಕ್ಕಲಕೋಟೆ, ಜತ್ತ ಕಡೆಯ ಬಿಸಿಲಿನ ಬಗ್ಗೆ ಹೊಸದಾಗಿ ಹೇಳುವುದೇನೂ ಇಲ್ಲ. ಆದರೆ ಡಿಸೆಂಬರಿನ ಥಂಡಿಯಲ್ಲೂ ಪಾಠ ಮಾಡುತ್ತ ನಿಂತ ಶಿಕ್ಷಕಿಗೆ ಇದ್ದಕ್ಕಿದ್ದಂತೆ ಎದೆಯಿಂದ ಮುಖಕ್ಕೆ ಬೆಂಕಿ ಏರಿದಂತಾಗುವುದುಂಟು. ಬೆವರು ಇಳಿಯುತ್ತದೆ, ನಾಲ್ಕೈದು ನಿಮಿಷದಲ್ಲಿ ಮತ್ತೆ ಚಳಿ ಹತ್ತುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಹಾಟ್ ಫ್ಲ್ಯಾಶ್ ಅನ್ನುತ್ತಾರೆ. ಈ ಹಂತಕ್ಕೆ ನಮ್ಮ ಅವ್ವಂದಿರು 'ಮುಟ್ಟು ನಿಂತಿತು' ಅನ್ನುತ್ತಿದ್ದರು. ಪುಸ್ತಕದ ಕನ್ನಡದಲ್ಲಿ ಅದು ಋತುಬಂಧ, ಮರಾಠಿಯಲ್ಲಿ ರಜೋನಿವೃತ್ತಿ. ಹೆಸರು ಇಷ್ಟಿದ್ದರೂ ಶಾಲೆಯ ಸ್ಟಾಫ್ ರೂಮಿನಲ್ಲಿ ಇದರ ಮಾತು ಬಂದರೆ ಎಲ್ಲರೂ ಹಾಜರಿ ಪುಸ್ತಕ ನೋಡತೊಡಗುತ್ತಾರೆ! ನಾವು ಡಾಕ್ಟರಲ್ಲ, ಔಷಧಿ ಬರೆದುಕೊಡುವುದು ನಮ್ಮ ಕೆಲಸವೂ ಅಲ್ಲ. ಆದರೆ ಈ ಔಷಧಿಗಳಿಗೆ ಒಂದು ಇತಿಹಾಸವಿದೆ. ಅದನ್ನು ತಿಳಿದರೆ ಇಂದಿನ ಭಯ ಎಲ್ಲಿಂದ ಬಂತೆಂಬುದು ಗೊತ್ತಾಗುತ್ತದೆ.

ಮುಟ್ಟು ಹನ್ನೆರಡನೆಯ ವಯಸ್ಸಿಗೆ ಶುರುವಾಗಿ ಐವತ್ತಕ್ಕೆ ನಿಲ್ಲುತ್ತದೆಂದು ಸುಶ್ರುತ ಸಂಹಿತೆಯಲ್ಲೇ ಹೇಳಿದೆ. ಯುರೋಪಿನಲ್ಲಿ ಮೆನೋಪಾಸ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿನ ವೈದ್ಯ ಗಾರ್ಡಾನ್. 1816ರಲ್ಲಿ ಒಂದು ರೂಪ ಬಳಸಿ, 1821ರಲ್ಲಿ ಅದನ್ನು ಈಗಿನ ರೂಪಕ್ಕೆ ತಂದ. ಹೆಸರು ಬಂತು, ಚಿಕಿತ್ಸೆ ಬರಲಿಲ್ಲ. ಆ ಕಾಲದ ವೈದ್ಯರು ರಕ್ತ ತೆಗೆಯುತ್ತಿದ್ದರು, ಜಿಗಣೆ ಹಚ್ಚುತ್ತಿದ್ದರು, ಅಫೀಮು ಕೊಡುತ್ತಿದ್ದರು. ಇಂಥವರ ಬಳಿ ಹೋಗುವುದಕ್ಕಿಂತ ಮನೆಯ ಕಷಾಯವೇ ವಾಸಿ ಎಂದು ಹೆಂಗಸರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಹಾಗೆ ಮನೆಯ ಕಷಾಯ ಮಾಡಿ ಹೆಸರಾದವಳು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಿನ್ ಊರಿನ ಲಿಡಿಯಾ ಪಿಂಕಮ್. 1875ರಲ್ಲಿ ಆಕೆಯ 'ವೆಜಿಟಬಲ್ ಕಾಂಪೌಂಡ್' ಮಾರಾಟಕ್ಕೆ ಬಂತು. ಅದರಲ್ಲಿ ಬ್ಲ್ಯಾಕ್ ಕೋಹಾಶ್ ಎಂಬ ಬೇರು ಇತ್ತು, ಇನ್ನೂ ಕೆಲವು ಬೇರುಗಳಿದ್ದವು, ನಮ್ಮ ಅಡಿಗೆಮನೆಯ ಮೆಂತ್ಯವೂ ಇತ್ತು. ಜೊತೆಗೆ ನೂರಕ್ಕೆ ಹದಿನೆಂಟರಷ್ಟು ಆಲ್ಕೋಹಾಲ್! ಬೇರಿನ ಸಾರ ಕೆಡದಿರಲೆಂದು ಅದನ್ನು ಹಾಕಿದ್ದೇವೆ ಎನ್ನುತ್ತಿದ್ದರು. ಬಾಟಲಿಯ ಮೇಲೆ ಆಕೆಯ ಚಿತ್ರ, ಜಾಹೀರಾತಿನಲ್ಲಿ 'ನಿಮ್ಮ ಕಷ್ಟವನ್ನು ಮಿಸೆಸ್ ಪಿಂಕಮ್‌ಗೆ ಬರೆಯಿರಿ' ಎಂಬ ಕರೆ. ಆಕೆ ತೀರಿಕೊಂಡದ್ದು 1883ರಲ್ಲಿ. ಆಮೇಲೂ ಪತ್ರಗಳು ಬರುತ್ತಲೇ ಇದ್ದವು, ಉತ್ತರಗಳೂ ಹೋಗುತ್ತಲೇ ಇದ್ದವು. 1905ರಲ್ಲಿ ಒಂದು ಪತ್ರಿಕೆ ಆಕೆಯ ಗೋರಿಯ ಫೋಟೋ ಅಚ್ಚು ಹಾಕಿದಾಗ ಗುಟ್ಟು ಬಯಲಾಯಿತು. ನಗು ಬರುತ್ತದೆ ನಿಜ. ಆದರೆ ಡಾಕ್ಟರರು ಕೇಳಿಸಿಕೊಳ್ಳದ ಮಾತನ್ನು ಒಬ್ಬ ಹೆಂಗಸು ಕೇಳಿಸಿಕೊಳ್ಳುತ್ತಾಳೆ ಎಂಬ ನಂಬಿಕೆಯಿಂದ ಅವರು ಬರೆಯುತ್ತಿದ್ದರು ಎಂಬುದನ್ನು ಮರೆಯಬಾರದು.

ಇನ್ನು ಹಾರ್ಮೋನಿನ ಕಾಲಕ್ಕೆ ಬರೋಣ. 1890ರ ದಶಕದಲ್ಲೇ ಜರ್ಮನಿಯ ಮೆರ್ಕ್ ಕಂಪನಿ ಹಸುವಿನ ಅಂಡಾಶಯ ಒಣಗಿಸಿ ಮಾಡಿದ ಪುಡಿ ಮಾರಿತ್ತು. ವಿಜ್ಞಾನದ ನಿಜವಾದ ಹೆಜ್ಜೆ ಬಿದ್ದದ್ದು 1929ರಲ್ಲಿ. ಅಮೆರಿಕದ ಡೋಯ್ಸಿ, ಜರ್ಮನಿಯ ಬುಟೆನಾಂಟ್ ಇಬ್ಬರೂ ಬೇರೆ ಬೇರೆಯಾಗಿ ಈಸ್ಟ್ರೋಜನ್ ಗುಂಪಿನ ಒಂದು ಹಾರ್ಮೋನನ್ನು ಗರ್ಭಿಣಿಯರ ಮೂತ್ರದಿಂದ ಬೇರ್ಪಡಿಸಿದರು. ಮುಂದೆ ಗಬ್ಬದ ಕುದುರೆಯ ಮೂತ್ರದಲ್ಲಿ ಇದು ಹೇರಳವಾಗಿದೆ ಎಂದು ತಿಳಿದು, ಅದರಿಂದಲೇ ಮಾಡಿದ ಪ್ರೆಮರಿನ್ ಮಾತ್ರೆ 1941ರಲ್ಲಿ ಕೆನಡಾದಲ್ಲಿ, 1942ರಲ್ಲಿ ಅಮೆರಿಕದಲ್ಲಿ ಬಂತು. 'ಪ್ರೆಗ್ನೆಂಟ್ ಮೇರ್ಸ್ ಯೂರಿನ್' ಎಂಬ ಮೂರು ಶಬ್ದಗಳ ತುಂಡು ಜೋಡಿಸಿದರೆ ಪ್ರೆಮರಿನ್, ಹೆಸರಿನಲ್ಲೇ ಮೂಲ ಅಡಗಿದೆ! ಅದಕ್ಕೂ ಮೊದಲು, 1938ರಲ್ಲಿ, ಲಂಡನ್ನಿನ ಚಾರ್ಲ್ಸ್ ಡಾಡ್ಸ್ ಪ್ರಯೋಗಶಾಲೆಯಲ್ಲೇ ತಯಾರಿಸಬಹುದಾದ ಅಗ್ಗದ ಡಿ.ಇ.ಎಸ್. ಎಂಬುದನ್ನು ಕಂಡುಹಿಡಿದಿದ್ದ. ಅದಕ್ಕೂ ಅಮೆರಿಕದಲ್ಲಿ 1941ರಲ್ಲಿ ಒಪ್ಪಿಗೆ ಸಿಕ್ಕಿತು. ಗರ್ಭ ನಿಲ್ಲಲೆಂದು ಅದನ್ನೇ ಬಸುರಿಯರಿಗೂ ಕೊಟ್ಟರು. ಅಂಥ ಕೆಲವು ತಾಯಂದಿರ ಹೆಣ್ಣುಮಕ್ಕಳಲ್ಲಿ ಅಪರೂಪದ ಕ್ಯಾನ್ಸರ್ ಕಾಣಿಸಿದ್ದು 1971ರಲ್ಲಿ ಬೆಳಕಿಗೆ ಬಂತು.

ಈಸ್ಟ್ರೋಜನ್‌ನಿಂದ ಮೈ ಬಿಸಿ ಕಡಿಮೆಯಾಗುತ್ತದೆ, ಇದರಲ್ಲಿ ಸುಳ್ಳಿಲ್ಲ. ಸುಳ್ಳು ಸೇರಿದ್ದು ಅದನ್ನು ಮಾರಿದ ರೀತಿಯಲ್ಲಿ. 1966ರಲ್ಲಿ ನ್ಯೂಯಾರ್ಕಿನ ರಾಬರ್ಟ್ ವಿಲ್ಸನ್ ಎಂಬ ವೈದ್ಯ 'ಫೆಮಿನೈನ್ ಫಾರೆವರ್' ಎಂಬ ಪುಸ್ತಕ ಬರೆದ. ಮುಟ್ಟು ನಿಲ್ಲುವುದು ಮಧುಮೇಹದಂಥ ಒಂದು ಕೊರತೆಯ ರೋಗ, ಮಾತ್ರೆ ನುಂಗಿದರೆ ಹೆಣ್ಣು ಹೆಣ್ಣಾಗಿಯೇ ಉಳಿಯುತ್ತಾಳೆ ಎಂಬುದು ಅವನ ವಾದ. ಮಾತ್ರೆ ನುಂಗದ ನಮ್ಮ ಅಜ್ಜಿಯರು ಹಾಗಾದರೆ ಏನಾಗಿದ್ದರೋ! ಔಷಧ ಕಂಪನಿಗಳ ಹಣ ಅವನಿಗೆ ಸಂದಿತ್ತೆಂಬುದು ಆಮೇಲೆ ಗೊತ್ತಾಯಿತು. 1975ರಲ್ಲಿ ಎರಡು ಅಧ್ಯಯನಗಳು ಒಟ್ಟಿಗೇ ಬಂದವು: ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚು. ಮಾರಾಟ ಬಿತ್ತು. ನಂತರ ಗರ್ಭಕೋಶ ಇರುವವರಿಗೆ ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನನ್ನು ಜೊತೆಗೆ ಕೊಡುವ ಪದ್ಧತಿ ಬಂದು, ಮಾರಾಟ ಮತ್ತೆ ಏರಿತು. ಆಗ ಹೊಸ ಮಾತು ಹುಟ್ಟಿತು, ಇದು ಹೃದಯವನ್ನೂ ಕಾಪಾಡುತ್ತದೆ ಎಂದು.

ಅದನ್ನು ಪರೀಕ್ಷಿಸಲು ಅಮೆರಿಕ ಸರ್ಕಾರವೇ 1991ರಲ್ಲಿ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಆರಂಭಿಸಿತು. ಎರಡೂ ಹಾರ್ಮೋನಿನ ಪರೀಕ್ಷೆಗೆ 50ರಿಂದ 79 ವಯಸ್ಸಿನ 16,608 ಹೆಂಗಸರನ್ನು ತೆಗೆದುಕೊಂಡರು. 2002ರ ಜುಲೈ ತಿಂಗಳಲ್ಲಿ ಅದನ್ನು ಅರ್ಧಕ್ಕೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್ ಶೇಕಡಾ 26ರಷ್ಟು ಹೆಚ್ಚು ಎಂದು ಸುದ್ದಿ ಹರಡಿತು, ಲಕ್ಷಾಂತರ ಹೆಂಗಸರು ಮಾತ್ರೆ ಬಿಟ್ಟರು.

ಇಲ್ಲಿ ಸ್ವಲ್ಪ ನಿಲ್ಲೋಣ, ಇದು ನಮ್ಮ ಐದನೇ ತರಗತಿಯ ಗಣಿತ. ಮಾತ್ರೆ ತೆಗೆದುಕೊಳ್ಳದ 10,000 ಹೆಂಗಸರಲ್ಲಿ ವರ್ಷಕ್ಕೆ 30 ಜನರಿಗೆ ಸ್ತನ ಕ್ಯಾನ್ಸರ್ ಬಂದಿತ್ತು. ತೆಗೆದುಕೊಂಡ 10,000ದಲ್ಲಿ 38 ಜನರಿಗೆ. ಹೆಚ್ಚಾದದ್ದು 8. ಮೂವತ್ತಕ್ಕೆ ಎಂಟು ಅಂದರೆ ಶೇಕಡಾ 26ರ ಸುಮಾರು, ಲೆಕ್ಕ ಸರಿಯೇ. ಆದರೆ ನೂರರಲ್ಲಿ 26 ಜನರಿಗೆ ಕ್ಯಾನ್ಸರ್ ಬರುತ್ತದೆ ಎಂದು ಓದಿಕೊಂಡವರೇ ಹೆಚ್ಚು. ಹೃದಯಾಘಾತ 7, ಪಾರ್ಶ್ವವಾಯು 8 ಹೆಚ್ಚಾದವು. ಸೊಂಟದ ಮೂಳೆ ಮುರಿತ 5 ಕಡಿಮೆಯಾಯಿತು, ಕರುಳಿನ ಕ್ಯಾನ್ಸರ್ 6 ಕಡಿಮೆಯಾಯಿತು. ಇನ್ನೊಂದು ಮಾತು, ಈ ಹೆಂಗಸರ ಸರಾಸರಿ ವಯಸ್ಸು 63. ಮೈ ಬಿಸಿಯಿಂದ ನಿದ್ದೆಗೆಟ್ಟು ಡಾಕ್ಟರ ಬಳಿ ಹೋಗುವವರು ಸಾಮಾನ್ಯವಾಗಿ 45-55ರವರು. ನಮ್ಮ ದೇಶದಲ್ಲಂತೂ ಸುಮಾರು 46-47ಕ್ಕೇ ಮುಟ್ಟು ನಿಲ್ಲುತ್ತದೆ. ಅರವತ್ತು ದಾಟದವರಲ್ಲಿ, ಅಥವಾ ಮುಟ್ಟು ನಿಂತು ಹತ್ತು ವರ್ಷದೊಳಗಿನವರಲ್ಲಿ, ಬೇರೆ ತೊಂದರೆ ಇಲ್ಲದಿದ್ದರೆ ಹಾನಿಗಿಂತ ಅನುಕೂಲವೇ ಹೆಚ್ಚು ಎಂಬ ಅಭಿಪ್ರಾಯ ತಜ್ಞರಲ್ಲಿ ನಿಧಾನವಾಗಿ ನೆಲೆಗೊಂಡಿತು. ಅಷ್ಟರೊಳಗೆ ಒಂದು ಪೀಳಿಗೆಯ ಹೆಂಗಸರು ರಾತ್ರಿಯೆಲ್ಲ ಬೆವರಿ ಎದ್ದು ಕೂತು ಕಾಲ ಕಳೆದಿದ್ದರು. ವಿಲ್ಸನ್ ಹೆಚ್ಚು ಹೇಳಿ ಕೆಡಿಸಿದ, ಪತ್ರಿಕೆಗಳು ಅರ್ಧ ಹೇಳಿ ಕೆಡಿಸಿದವು ಎಂದು ನಮಗೆ ಅನ್ನಿಸುತ್ತದೆ.

ಹಾಗಾದರೆ ಮೈ ಬಿಸಿಯಾಗುವುದಾದರೂ ಏಕೆ? ಇದು ಬಹುಕಾಲ ಒಗಟಾಗಿತ್ತು. ಮೆದುಳಿನ ಹೈಪೋಥಲಾಮಸ್ ಎಂಬ ಭಾಗ ಮೈಯ ಉಷ್ಣತೆಯನ್ನು ಕಾಯುತ್ತದೆ. 1990ರ ಹೊತ್ತಿಗೆ ಅಮೆರಿಕದ ನವೋಮಿ ರಾನ್ಸ್ ಎಂಬ ವಿಜ್ಞಾನಿ, ಮುಟ್ಟು ನಿಂತ ಹೆಂಗಸರಲ್ಲಿ ಅಲ್ಲಿಯ ಕೆಲವು ನರಕೋಶಗಳು ಹಿಗ್ಗಿರುವುದನ್ನು ಕಂಡರು. ಈಸ್ಟ್ರೋಜನ್ ಈ ಕೋಶಗಳಿಗೆ ಬ್ರೇಕು ಇದ್ದಂತೆ. ಬ್ರೇಕು ಹೋದಾಗ ಅವು ನ್ಯೂರೋಕೈನಿನ್ ಬಿ ಎಂಬ ರಾಸಾಯನಿಕವನ್ನು ಹೆಚ್ಚು ಸುರಿಸುತ್ತವೆ. ಸೆಕೆ ಇಲ್ಲದಿದ್ದರೂ ಸೆಕೆ ಎಂದುಕೊಂಡ ಮೆದುಳು ಬೆವರು ಹರಿಸುತ್ತದೆ. ಅಂದರೆ ಇದು 'ತಲೆಯಲ್ಲಿರುವ' ಕಾಯಿಲೆ ಎಂದು ಹೀಗಳೆಯುತ್ತಿದ್ದವರ ಮಾತು ಬೇರೆಯೇ ಅರ್ಥದಲ್ಲಿ ನಿಜವಾಯಿತು! ಆ ರಾಸಾಯನಿಕದ ಬಾಗಿಲು ಮುಚ್ಚುವ ಫೆಜೋಲಿನೆಟೆಂಟ್ ಎಂಬ ಮಾತ್ರೆಗೆ 2023ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಹಾರ್ಮೋನಲ್ಲ. ಆದರೆ ಅಪರೂಪಕ್ಕೆ ಯಕೃತ್ತಿಗೆ ಪೆಟ್ಟಾಗುವುದೆಂದು 2024ರಲ್ಲಿ ಕಟ್ಟುನಿಟ್ಟಿನ ಎಚ್ಚರಿಕೆಯೂ ಸೇರಿತು.

ಸ್ತನ ಕ್ಯಾನ್ಸರ್ ಆದವರಿಗೆ, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಸಾಮಾನ್ಯವಾಗಿ ಹಾರ್ಮೋನು ಕೊಡುವುದಿಲ್ಲ. ಅಂಥವರಿಗೆ ಬೇರೆ ದಾರಿಗಳಿವೆ. ಖಿನ್ನತೆಗೆ ಕೊಡುವ ಪ್ಯಾರಾಕ್ಸೆಟಿನ್ ಔಷಧಿಯ ಸಣ್ಣ ಪ್ರಮಾಣಕ್ಕೆ 2013ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಫಿಟ್ಸಿಗೆ ಕೊಡುವ ಗಾಬಾಪೆಂಟಿನ್ ಕೆಲವರಿಗೆ ಉಪಯೋಗವಾಗಿದೆ. ಮಾತಿನ ಮೂಲಕ ಕೊಡುವ ಸಿ.ಬಿ.ಟಿ. ಚಿಕಿತ್ಸೆಯಿಂದ ಬಿಸಿಯ ಕಾಟ ಸಹಿಸುವುದು ಸುಲಭವಾಗುತ್ತದೆ. ಪಿಂಕಮ್ ಬಾಟಲಿಯ ಬ್ಲ್ಯಾಕ್ ಕೋಹಾಶ್ ಇವತ್ತಿಗೂ ಮಾರಾಟದಲ್ಲಿದೆ, ಗಟ್ಟಿ ಪುರಾವೆ ಮಾತ್ರ ಸಿಕ್ಕಿಲ್ಲ. ಮತ್ತೆ ಆ ಹೆಂಗಸರಿಗೆ ಅದರಿಂದ ಹೇಗೆ ಗುಣ ಕಂಡಿತು ಎಂದರೆ, ಪರೀಕ್ಷೆಗಳಲ್ಲಿ ಔಷಧಿಯೇ ಇಲ್ಲದ ಹುಸಿ ಮಾತ್ರೆ ನುಂಗಿದವರಲ್ಲೂ ಬಿಸಿಯ ಸಂಖ್ಯೆ ಅರ್ಧಕ್ಕೂ ಹೆಚ್ಚು ಇಳಿದದ್ದಿದೆ. ಹಾರ್ಮೋನು ಅದಕ್ಕಿಂತಲೂ ಬಹಳಷ್ಟು ಇಳಿಸಿತು ಎಂಬುದರಿಂದಲೇ ಅದನ್ನು ಔಷಧಿ ಎನ್ನುವುದು.

2002ರ ಗದ್ದಲದ ನಂತರ, 2003ರಲ್ಲಿ, ಅಮೆರಿಕದಲ್ಲಿ ಈ ಹಾರ್ಮೋನುಗಳ ಚೀಟಿಯ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಬಂದಿತ್ತು. ಹೃದಯ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆ ಕುರಿತ ಆ ಮಾತುಗಳನ್ನು ಚೌಕಟ್ಟಿನಿಂದ ತೆಗೆಯುವುದಾಗಿ ಅಲ್ಲಿನ ಔಷಧ ಇಲಾಖೆ 2025ರ ನವೆಂಬರಿನಲ್ಲಿ ಪ್ರಕಟಿಸಿತು. ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡರೆ ಗರ್ಭಕೋಶದ ಕ್ಯಾನ್ಸರ್ ಬರಬಹುದೆಂಬ 1975ರ ಎಚ್ಚರಿಕೆಯನ್ನು ಮಾತ್ರ ಹಾಗೆಯೇ ಉಳಿಸಿಕೊಂಡಿತು.