ಉತಾರದಲ್ಲಿ ಇಲ್ಲದ ಹೆಸರು

ವಿಜಯಪುರ ಜಿಲ್ಲೆಯ ಹೆಣ್ಣುಮಕ್ಕಳಿಗೆ ಕಾನೂನು ತಡವಾಗಿ ಬಂತು ಎನ್ನುವವರು ಹಳೆಯ ದಫ್ತರ ಬಿಚ್ಚಿ ನೋಡಿದವರಲ್ಲ. 1956ರ ನವೆಂಬರ್ 1ರವರೆಗೆ ಆಗಿನ ಬಿಜಾಪುರ ಮುಂಬಯಿ ಸರ್ಕಾರದ ಕೈಕೆಳಗಿತ್ತು, ಇಲ್ಲಿಯ ಮೇಲ್ಮನವಿಗಳು ಮುಂಬಯಿ ಹೈಕೋರ್ಟಿಗೆ ಹೋಗುತ್ತಿದ್ದವು. ದೇವದಾಸಿ ಬಿಡುವುದನ್ನು ತಡೆಯುವ ಕಾಯ್ದೆಯನ್ನು ಆ ಸರ್ಕಾರ 1934ರಲ್ಲೇ ತಂದಿತ್ತು. ಹೆಂಡತಿ ಬದುಕಿರುವಾಗ ಹಿಂದೂ ಗಂಡಸು ಮತ್ತೊಂದು ಮದುವೆಯಾಗುವುದನ್ನು ಅಪರಾಧ ಮಾಡಿದ ಕಾಯ್ದೆ 1946ರದು, ಹಿಂದೂ ವಿಚ್ಛೇದನ ಕಾಯ್ದೆ 1947ರದು. ಇಡೀ ದೇಶಕ್ಕೆ ಇವೆರಡೂ ಸಿಕ್ಕಿದ್ದು 1955ರ ಹಿಂದೂ ವಿವಾಹ ಕಾಯ್ದೆಯಿಂದ. ಮೈಸೂರು ಸಂಸ್ಥಾನದ 1933ರ ಮಹಿಳಾ ಹಕ್ಕುಗಳ ಕಾಯ್ದೆಯನ್ನು ನಮ್ಮ ಪುಸ್ತಕಗಳು ಮೆಚ್ಚಿ ಬರೆಯುತ್ತವೆ, ಬರೆಯಲಿ. ಆದರೆ ಅದು ತುಂಗಭದ್ರೆ ದಾಟಿ ಈ ಕಡೆ ಬರಲಿಲ್ಲ. ಈ ಕಡೆಗೆ ಬೇರೆಯದೇ ಪರಂಪರೆಯಿತ್ತು. ಗಂಡುಮಕ್ಕಳಿಲ್ಲದ ತಂದೆಯ ಆಸ್ತಿ ಮಗಳಿಗೆ ಬಂದರೆ ಮದ್ರಾಸಿನ ಕೋರ್ಟುಗಳು ಅದನ್ನು ಜೀವ ಇರುವತನಕದ ಅನುಭೋಗ ಎಂದವು, ಮುಂಬಯಿಯ ಕೋರ್ಟುಗಳು ಪೂರ್ಣ ಒಡೆತನ ಎಂದವು. ಎರಡೂ ಕಡೆಯ ಆಧಾರ ಗ್ರಂಥ ಮಿತಾಕ್ಷರ ಒಂದೇ, ಓದಿದ ಬಗೆ ಬೇರೆ.

ಆ 1946ರ ಕಾಯ್ದೆಯೇ ದೊಡ್ಡ ವಾದಕ್ಕೆ ಕಾರಣವಾಯಿತು. ಒಂದು ಧರ್ಮದವರಿಗೆ ಮಾತ್ರ ಈ ನಿಷೇಧ ಏಕೆ ಎಂದು ಕೇಳಿದ ನರಸು ಅಪ್ಪ ಮಾಳಿ ಪ್ರಕರಣದಲ್ಲಿ 1951ರಲ್ಲಿ ನ್ಯಾಯಮೂರ್ತಿಗಳಾದ ಎಂ.ಸಿ. ಛಾಗ್ಲಾ ಮತ್ತು ಪಿ.ಬಿ. ಗಜೇಂದ್ರಗಡ್ಕರ್ ಕಾಯ್ದೆಯನ್ನು ಎತ್ತಿಹಿಡಿದರು. ಜೊತೆಗೇ ಇನ್ನೊಂದು ಮಾತನ್ನೂ ಸೇರಿಸಿದರು: ವೈಯಕ್ತಿಕ ಕಾನೂನನ್ನು ಸಂವಿಧಾನದ 13ನೇ ವಿಧಿಯ ಅರ್ಥದಲ್ಲಿ ಕಾನೂನು ಎಂದು ಹಿಡಿದು ಮೂಲಭೂತ ಹಕ್ಕುಗಳ ತಕ್ಕಡಿಯಲ್ಲಿ ತೂಗಲಾಗದು. ಏಕರೂಪ ನಾಗರಿಕ ಸಂಹಿತೆಯ ಬಗ್ಗೆ ಇವತ್ತು ವಿಜಯಪುರದ ಗಾಂಧಿ ಚೌಕದಲ್ಲಿ ಯಾರಾದರೂ ಗಂಟಲು ಹರಿದುಕೊಂಡರೆ, ಅದು ಎಪ್ಪತ್ತು ವರ್ಷಕ್ಕೂ ಹಿಂದಿನ ಈ ತೀರ್ಪಿನ ಬಾಲವನ್ನು ಹಿಡಿದೇ.

ಹೀಗಿರುವಾಗ ಕಾನೂನಿನ ಕೊರತೆ ಇಲ್ಲಿ ಎಂದೂ ದೊಡ್ಡ ತೊಡಕಾಗಿರಲಿಲ್ಲ. ಚರ್ಚೆ ಯಾವುದರ ಬಗ್ಗೆ ನಡೆಯಿತು, ಯಾವುದರ ಬಗ್ಗೆ ನಡೆಯಲೇ ಇಲ್ಲ ಎಂಬುದನ್ನೇ ನೋಡಬೇಕು.

ಈ ಸೀಮೆಯಲ್ಲಿ ಹೆಣ್ಣಿನ ವಿಷಯ ಎತ್ತಿದರೆ ಮಾತು ಹನ್ನೆರಡನೇ ಶತಮಾನದಿಂದಲೇ ಸುರುವಾಗುತ್ತದೆ. ಅದಕ್ಕೆ ಕಾರಣವೂ ಒಬ್ಬ ವಕೀಲ. ಬಿಜಾಪುರದ ಕೋರ್ಟಿನಲ್ಲಿ ವಕೀಲಿ ಮಾಡುತ್ತಲೇ ತಾಡೋಲೆ ಹುಡುಕಿಕೊಂಡು ಊರೂರು ಅಲೆದ ಫ.ಗು. ಹಳಕಟ್ಟಿ 1923ರಲ್ಲಿ ‘ವಚನ ಶಾಸ್ತ್ರ ಸಾರ’ ತಂದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆ ಸುರು ಮಾಡಿದರು. ಅವರಿಂದಾಗಿ ವಚನಕಾರ್ತಿ ಅಕ್ಕಮಹಾದೇವಿ ಮಠದ ಕಪಾಟಿನಿಂದ ವೇದಿಕೆಗೆ ಬಂದಳು. 2003ರಲ್ಲಿ ವಿಜಯಪುರದಲ್ಲಿ ಆರಂಭವಾದ ರಾಜ್ಯದ ಮಹಿಳಾ ವಿಶ್ವವಿದ್ಯಾಲಯಕ್ಕೆ 2017ರಲ್ಲಿ ಅವಳ ಹೆಸರನ್ನೇ ಇಟ್ಟರು, ತೊರವಿಯಲ್ಲಿ ಅದರ ಆವರಣವಿದೆ. ಮಾರ್ಚ್ ಎಂಟರ ಮಹಿಳಾ ದಿನದ ಭಾಷಣಗಳಿಗೆ ಅವಳಿಲ್ಲದೆ ಗತಿಯಿಲ್ಲ. ಆದರೆ ಭಾಷಣಕಾರರು ಅವಳಲ್ಲಿ ಮೆಚ್ಚುವುದು ಏನನ್ನು ಎಂದು ಗಮನಿಸಿ: ಅರಮನೆ ಬಿಟ್ಟಳು, ಒಡವೆ ಬಿಟ್ಟಳು, ಎಲ್ಲವನ್ನೂ ಬಿಟ್ಟಳು. ಅಕ್ಕ ಬಿಟ್ಟದ್ದು ತಾನಾಗಿ, ಒಬ್ಬ ರಾಜನನ್ನು ಧಿಕ್ಕರಿಸಿ. ಅದನ್ನೇ ಬಿಡುವ ಗುಣವೆಂದು ಹೊಗಳಿ, ಅದೇ ವಾರ ಅಕ್ಕತಂಗಿಯರನ್ನು ಉಪನೋಂದಣಿ ಕಚೇರಿಗೆ ಕರೆದೊಯ್ದು ತವರಿನ ಆಸ್ತಿಯ ಹಕ್ಕು ಬಿಟ್ಟ ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುವವರಿಗೆ ಈ ಎರಡರ ನಡುವಿನ ಅಂತರ ಕಾಣುವುದಿಲ್ಲ.

ಆ ಹೆಬ್ಬೆಟ್ಟಿಗೆ ಬೆಲೆ ಬಂದ ಚರಿತ್ರೆ ಬೇರೆಯೇ ಇದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಮಗಳಿಗೆ ಕೊಟ್ಟದ್ದು ತಂದೆಯ ಪಾಲಿನಲ್ಲಿ ಒಂದು ಪಾಲು. ಪಿತ್ರಾರ್ಜಿತದಲ್ಲಿ ಹುಟ್ಟಿನಿಂದಲೇ ಹಕ್ಕು ಇದ್ದದ್ದು ಗಂಡುಮಕ್ಕಳಿಗೆ. ಕರ್ನಾಟಕ ಅದನ್ನು 1994ರ ಜುಲೈ 30ರಿಂದ ತಿದ್ದಿತು, ಮಹಾರಾಷ್ಟ್ರ ಅದಕ್ಕೆ ಒಂದು ತಿಂಗಳು ಮೊದಲು. ಜತ್ತ, ಮಂಗಳವೇಢೆ, ಸೊಲ್ಲಾಪುರದ ಕಡೆಗೆ ಹೆಣ್ಣು ಕೊಟ್ಟು ತಂದು ಬದುಕುವ ತಿಕೋಟಾ ಭಾಗದವರಿಗೆ ಇದು ಸಣ್ಣ ಸಂಗತಿಯಲ್ಲ, ಗಡಿಯ ಎರಡೂ ಮಗ್ಗುಲಲ್ಲಿ ಹೆಚ್ಚುಕಡಿಮೆ ಒಂದೇ ಕಾನೂನು ಬಂತು. ಆದರೆ ಎರಡರಲ್ಲೂ ಒಂದೇ ಕೊಕ್ಕೆ: ಕಾಯ್ದೆ ಜಾರಿಗೆ ಬರುವ ಮೊದಲೇ ಲಗ್ನವಾದವರಿಗೆ ಇದು ಇಲ್ಲ. ಒಂದೇ ಮನೆಯಲ್ಲಿ ಹಿರಿಯಳಿಗೆ ಹುಟ್ಟಿನ ಹಕ್ಕು ಸೊನ್ನೆ, ಕಿರಿಯಳಿಗೆ ಅಣ್ಣನಷ್ಟೇ ಪಾಲು. ಹದಿನಾರಕ್ಕೋ ಹದಿನೇಳಕ್ಕೋ ಲಗ್ನ ಮಾಡುತ್ತಿದ್ದ ಜಿಲ್ಲೆಯಲ್ಲಿ 1994ರ ಹೊತ್ತಿಗೆ ಮದುವೆಯಾಗದೆ ಉಳಿದ ಹೆಣ್ಣುಮಕ್ಕಳು ಎಷ್ಟು ಮಂದಿ ಇದ್ದಾರು?

2005ರ ಸೆಪ್ಟೆಂಬರ್ 9ರ ಕೇಂದ್ರದ ತಿದ್ದುಪಡಿ ಆ ಕೊಕ್ಕೆಯನ್ನು ಕಿತ್ತಿತು. ಕೃಷಿಭೂಮಿಯನ್ನು ರಾಜ್ಯದ ಗೇಣಿ ಕಾನೂನುಗಳಿಗೆ ಬಿಟ್ಟುಕೊಟ್ಟಿದ್ದ ಉಪಕಲಮನ್ನೂ ತೆಗೆದುಹಾಕಿತು. ಆಮೇಲೆ ಹದಿನೈದು ವರ್ಷ ಒಂದು ಪ್ರಶ್ನೆಯ ಸುತ್ತ ವ್ಯಾಜ್ಯ ನಡೆಯಿತು: ಆ ದಿನ ತಂದೆ ಬದುಕಿರಬೇಕೆ? ಕರ್ನಾಟಕದಿಂದ ಹೋದ ಫೂಲವತಿ ಪ್ರಕರಣದಲ್ಲಿ 2015ರಲ್ಲಿ ಸುಪ್ರೀಂ ಕೋರ್ಟ್ ಹೌದು, ಬದುಕಿರಬೇಕು ಎಂದಿತು. ಕರ್ನಾಟಕದಿಂದಲೇ ಹೋದ ದಾನಮ್ಮ ಪ್ರಕರಣದಲ್ಲಿ 2018ರ ಫೆಬ್ರುವರಿಯಲ್ಲಿ, 2001ರಲ್ಲೇ ತೀರಿಹೋಗಿದ್ದ ತಂದೆಯ ಹೆಣ್ಣುಮಕ್ಕಳಿಗೂ ಪಾಲು ಕೊಟ್ಟಿತು. ಎರಡೂ ಇಬ್ಬಿಬ್ಬರು ನ್ಯಾಯಮೂರ್ತಿಗಳ ಪೀಠ. ವಕೀಲರು ತಮಗೆ ಬೇಕಾದದ್ದನ್ನು ಹಿಡಿದು ವಾದಿಸಿದರು, ಕೆಳಗಿನ ಕೋರ್ಟುಗಳು ತಡವರಿಸಿದವು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರ ಪೀಠ ಗಂಟು ಬಿಡಿಸಿತು. ಮಗಳ ಹಕ್ಕು ಹುಟ್ಟಿನಿಂದ, ತಂದೆ ಇದ್ದರೂ ಇಲ್ಲದಿದ್ದರೂ. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ವಾಟ್ನಿಗಳಿಗೆ, ಅಂದರೆ ಆಸ್ತಿಯ ಪಾಲುಗಳಿಗೆ, ಮಾತ್ರ ರಕ್ಷಣೆ. ‘ಬಾಯಿಮಾತಿನ ವಾಟ್ನಿ ಯಾವಾಗೋ ಆಗೇದ’ ಎಂದರೆ ಅದನ್ನು ಸುಲಭಕ್ಕೆ ನಂಬಬಾರದು, ಗಟ್ಟಿಯಾದ ಸಾರ್ವಜನಿಕ ದಾಖಲೆ ಇರಬೇಕು ಎಂದಿತು ಕೋರ್ಟು. ಉತ್ತರ ಕರ್ನಾಟಕದ ವಾಟ್ನಿ ದಾವೆಗಳನ್ನು ಒಮ್ಮೆಯಾದರೂ ಓದಿದವರಿಗೆ ಈ ಕೊನೆಯ ಮಾತಿನ ತೂಕ ಗೊತ್ತು. ಬಾಯಿಮಾತಿನ ವಾಟ್ನಿ ಎಂಬುದು ಅಣ್ಣತಮ್ಮಂದಿರ ಕೈಯಲ್ಲಿದ್ದ ಹಳೆಯ ಅಸ್ತ್ರ.

ಕಾನೂನು ಹೀಗೆ ಬಿಗಿಯಾಗುತ್ತಿದ್ದ ವರ್ಷಗಳಲ್ಲೇ ಬಬಲೇಶ್ವರ ಮತ್ತು ತಿಕೋಟಾದ ಭೂಮಿಗೆ ನೀರು ಬಂತು. ಇದು ಕಾಕತಾಳೀಯವೇ, ಆದರೆ ಪರಿಣಾಮ ಕಾಕತಾಳೀಯವಲ್ಲ. ಮಳೆ ನಂಬಿ ಬಿಳಿಜೋಳ ಬಿತ್ತುತ್ತಿದ್ದ ಹೊಲಗಳಿಗೆ ಮುಳವಾಡ ಏತ ನೀರಾವರಿ, ತುಬಚಿ–ಬಬಲೇಶ್ವರ ಏತ ನೀರಾವರಿಯ ಕಾಲುವೆಗಳು ಬಂದವು, ಕೆರೆಗಳು ತುಂಬಿದವು. ತಿಕೋಟಾ ಸುತ್ತ ದ್ರಾಕ್ಷಿ ಪಡಗಗಳು, ಒಣದ್ರಾಕ್ಷಿಯ ಶೆಡ್ಡುಗಳು ಎದ್ದವು. ಒಣ ಎಕರೆಗೆ ಅಕ್ಕ ತಕರಾರು ತೆಗೆಯುತ್ತಿರಲಿಲ್ಲ, ತೆಗೆದರೂ ದಾವೆಯ ಖರ್ಚು ಹುಟ್ಟುತ್ತಿರಲಿಲ್ಲ. ದ್ರಾಕ್ಷಿ ಬೆಳೆವ ಎಕರೆಯ ಲೆಕ್ಕವೇ ಬೇರೆ. 2018ರಲ್ಲಿ ಎರಡೂ ಊರುಗಳು ತಾಲ್ಲೂಕು ಕೇಂದ್ರಗಳಾದವು, ತಹಶೀಲ್ದಾರ ಕಚೇರಿ ಬಾಗಿಲಿಗೇ ಬಂತು. ಸತ್ತವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೋತಿ ವಾರಸಾಕ್ಕೆ ಅರ್ಜಿ ಕೊಡುವುದು ಸಲೀಸಾದಷ್ಟೇ ಅಕ್ಕನ ಹೆಸರು ಬಿಡುವುದೂ ಸಲೀಸಾಯಿತು.

ಬಿಡುವ ಕೆಲಸ ನಡೆಯುವುದು ವಂಶಾವಳಿಯಲ್ಲಿ. ತಂದೆ ತೀರಿದ ಮೇಲೆ ವಾರಸುದಾರರು ಯಾರು ಎಂದು ತೋರಿಸುವ ಆ ಒಂದು ಹಾಳೆಯಲ್ಲಿ ಹೆಣ್ಣುಮಕ್ಕಳ ಹೆಸರು ಬರೆಯದಿದ್ದರೆ ಮುಂದಿನ ಯಾವ ಕಾಗದದಲ್ಲೂ ಅವರಿಲ್ಲ. ಉತಾರ, ಅಂದರೆ ಪಹಣಿ, ತೆಗೆಸಿದರೆ ಅಣ್ಣತಮ್ಮಂದಿರದೇ ಹೆಸರು. ಬರೆದರೆ ಹಕ್ಕು ಬಿಟ್ಟುಕೊಟ್ಟ ಪತ್ರ ಬೇಕು. ಆ ಪತ್ರಕ್ಕೆ ಸಹಿ ಬೇಕಾದಾಗ ಯಾರೂ ಬೆದರಿಸುವುದಿಲ್ಲ. ಪಂಚಮಿಗೆ ಕರೆಯಲು ಬಂದ ತಮ್ಮ, ಸೀರೆ ಉಡಿಸಿ ಉಡಿ ತುಂಬಿದ ಅತ್ತಿಗೆ, ‘ನಾಳೆ ತವರ ಬಾಗಲಾ ನಿನಗ ತೆರದಿರಬೇಕಲ್ಲ’ ಎನ್ನುವ ಹಿರಿಯ, ಇಷ್ಟೇ ಸಾಕು. ಈ ಮಾತಿನಲ್ಲಿ ಸುಳ್ಳಿಲ್ಲ ಎಂಬುದೇ ಕಷ್ಟ. ಗಂಡನ ಮನೆಯಲ್ಲಿ ಹೊಡೆತ ತಿಂದು ಬಂದರೆ ತಂಗಲು ಬೇರೆ ಜಾಗವಿಲ್ಲದವಳಿಗೆ ತವರಿನ ಬಾಗಿಲು ನಿಜಕ್ಕೂ ಒಂದು ಆಸ್ತಿ. ಅವಳು ಒಂದು ವಿಮೆಯನ್ನು ಕೊಟ್ಟು ಇನ್ನೊಂದನ್ನು ಕೊಳ್ಳುತ್ತಾಳೆ. ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ, ಗಂಡನ ಮನೆಯಲ್ಲೇ ವಾಸದ ಹಕ್ಕು ಕೊಡುತ್ತದೆ. ಆದರೆ ಅದರ ಸಂರಕ್ಷಣಾಧಿಕಾರಿ ಕರ್ನಾಟಕದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂಗನವಾಡಿಗಳ ಉಸ್ತುವಾರಿಯ ಮೇಲೆ ಹೇರಿದ ಇನ್ನೊಂದು ಕೆಲಸ. ಆ ಕಾಯ್ದೆ ಗಟ್ಟಿಯಾಗಿ ನಡೆದರೆ ತವರಿನ ಬಾಗಿಲಿಗೆ ಇಷ್ಟು ಬೆಲೆ ಕೊಡಬೇಕಾಗುವುದಿಲ್ಲ. ಉತ್ತರಾಧಿಕಾರ ಮತ್ತು ಕೌಟುಂಬಿಕ ದೌರ್ಜನ್ಯದ ಈ ಎರಡು ಕಾಯ್ದೆಗಳನ್ನು ಒಟ್ಟಿಗೆ ಇಟ್ಟು ಮಾತಾಡಿದ ಸಭೆಯನ್ನು ನಾನಂತೂ ಕಂಡಿಲ್ಲ.

ಮುಸ್ಲಿಂ ಮನೆಗಳಲ್ಲಿ ಕಥೆ ಬೇರೆ ಎಂದುಕೊಳ್ಳಬೇಡಿ. ಶರೀಅತ್ ಮಗಳಿಗೆ ಮಗನ ಅರ್ಧದಷ್ಟು ಪಾಲನ್ನು ಹಿಂದೂ ಕಾನೂನು ಕಣ್ಣು ಬಿಡುವುದಕ್ಕೆ ಎಷ್ಟೋ ಮೊದಲೇ ಗೊತ್ತುಮಾಡಿದೆ. ಆದರೆ ಅರ್ಧವೂ ಕೈಗೆ ಬರದಿರಲು ಅದೇ ತವರು, ಅದೇ ಸಹಿ. ತ್ರಿವಳಿ ತಲಾಖ್ ರದ್ದುಮಾಡಿದ 2017ರ ಆಗಸ್ಟ್ 22ರ ಶಾಯರಾ ಬಾನೊ ತೀರ್ಪು, 2019ರ ತಲಾಖ್ ಕಾಯ್ದೆಯ ಬಗ್ಗೆ ವಿಜಯಪುರ ನಗರದಲ್ಲಿ ಮಾತಾಡದ ಪಕ್ಷವಿಲ್ಲ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ವಿಚ್ಛೇದಿತ ಮುಸ್ಲಿಂ ಮಹಿಳೆಗೂ ದಂಡ ಪ್ರಕ್ರಿಯಾ ಸಂಹಿತೆಯ 125ರ ಜೀವನಾಂಶ ಉಂಟೆಂದು ಮತ್ತೆ ಖಚಿತಪಡಿಸಿತು. ದಿನದೂಡುವ ಹೆಂಗಸಿಗೆ ತಲಾಖ್ ಕಾಯ್ದೆಗಿಂತ ಇದು ಹೆಚ್ಚು ಉಪಯೋಗದ್ದು, ಆದರೆ ಇದರ ಸುದ್ದಿ ಎರಡು ದಿನಕ್ಕೆ ಮುಗಿಯಿತು. 2025ರ ಏಪ್ರಿಲಿನಲ್ಲಿ ನಮ್ಮ ಹೈಕೋರ್ಟಿನ ಏಕಸದಸ್ಯ ಪೀಠ ಮುಸ್ಲಿಂ ಕುಟುಂಬವೊಂದರ ಪಾಲಿನ ವ್ಯಾಜ್ಯ ತೀರ್ಮಾನಿಸುತ್ತ ಏಕರೂಪ ಸಂಹಿತೆ ತರುವಂತೆ ಸರ್ಕಾರಗಳನ್ನು ಒತ್ತಾಯಿಸಿದಾಗಲೂ ವಾದ ನಡೆದದ್ದು ಸಂಹಿತೆಯ ಬಗ್ಗೆ. ಪಾಲಿನ ಬಗ್ಗೆ ಅಲ್ಲ.

ಹಾಗಾದರೆ ಈ ಜಿಲ್ಲೆ ಬೀದಿಗಿಳಿದದ್ದು ಯಾವಾಗ? 2017ರ ಡಿಸೆಂಬರಿನಲ್ಲಿ, ವಿಜಯಪುರ ನಗರದ ದಲಿತ ಶಾಲಾ ಬಾಲಕಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಯ ನಂತರ. ಪ್ರತಿಭಟನೆ ರಾಜ್ಯವಿಡೀ ಹಬ್ಬಿತು. ಆ ಸಿಟ್ಟು ನ್ಯಾಯವಾದದ್ದು. ಆದರೆ ಬ್ಯಾನರುಗಳ ಮೇಲೆ, ಮೊಬೈಲುಗಳಲ್ಲಿ ಆಕೆಯ ಹೆಸರೂ ಮುಖವೂ ಓಡಾಡಿದವು. ದಂಡ ಸಂಹಿತೆಯ 228ಎ, ಪೋಕ್ಸೊ ಕಾಯ್ದೆಯ 23ನೇ ಕಲಂ ಎರಡೂ ಅದನ್ನು ನಿಷೇಧಿಸಿದ್ದವು. ಒಂದು ವರ್ಷದ ತರುವಾಯ, 2018ರ ಡಿಸೆಂಬರ್ 11ರಂದು, ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸತ್ತವಳ ಹೆಸರನ್ನೂ ಹೀಗೆ ಬಳಸುವಂತಿಲ್ಲ ಎಂದಿತು. ಹೆಸರಿಲ್ಲದೆ ಚಳವಳಿ ಕಟ್ಟುವುದು ಹೇಗೆ ಎಂಬ ಹೋರಾಟಗಾರರ ಪ್ರಶ್ನೆಯನ್ನು ನಾನು ತಳ್ಳಿಹಾಕಲಾರೆ. ಆದರೂ ಇಲ್ಲಿ ಕೋರ್ಟಿನ ಪರ ನಿಲ್ಲುತ್ತೇನೆ. ಬದುಕಿದವಳ ಹೆಸರನ್ನು ಉತಾರದಲ್ಲಿ ಬರೆಯಲು ಹಿಂಜರಿಯುವ ಊರು ಸತ್ತವಳ ಹೆಸರನ್ನು ಬ್ಯಾನರಿನಲ್ಲಿ ಬರೆಯಲು ಅಷ್ಟು ಧಾರಾಳವಾಗಬೇಕಿಲ್ಲ.

2017ರದೇ ಜೂನಿನಲ್ಲಿ ಮುದ್ದೇಬಿಹಾಳ ತಾಲ್ಲೂಕಿನಲ್ಲಿ ಬೇರೆ ಧರ್ಮದವನನ್ನು ಮದುವೆಯಾದ ಗರ್ಭಿಣಿಯನ್ನು ಅವಳ ಮನೆಯವರೇ ಸುಟ್ಟು ಕೊಂದರು. 2018ರ ಮಾರ್ಚಿನಲ್ಲಿ ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಯಲ್ಲೂ ಇಂಥ ಜೋಡಿಗಳಿಗೆ ವಿಶೇಷ ಪೊಲೀಸ್ ಘಟಕ, ಸುರಕ್ಷಿತ ಮನೆಗಳ ಸೂಚನೆ ಕೊಟ್ಟಿತು. ಆದರೂ 2021ರ ಜೂನಿನಲ್ಲಿ ದೇವರ ಹಿಪ್ಪರಗಿ ತಾಲ್ಲೂಕಿನಿಂದ ಮತ್ತೆ ಅಂಥದೇ ಜೋಡಿಕೊಲೆಯ ಸುದ್ದಿ ಬಂತು.

ಬಾಲ್ಯವಿವಾಹದ ವಿಷಯದಲ್ಲಿ ರಾಜ್ಯ ಮುಂದಿದೆ, ಕನಿಷ್ಠ ಕಾಗದದಲ್ಲಿ. ನ್ಯಾಯಮೂರ್ತಿ ಶಿವರಾಜ ವಿ. ಪಾಟೀಲ ಸಮಿತಿಯ 2011ರ ವರದಿಯ ನಂತರ ಕರ್ನಾಟಕ ತನ್ನ 2016ರ ತಿದ್ದುಪಡಿಯಿಂದ ಬಾಲ್ಯವಿವಾಹವನ್ನು ಮೂಲತಃ ಅಸಿಂಧು ಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಉಳಿದ ರಾಜ್ಯಗಳಿಗೆ ಇದನ್ನೇ ಮಾದರಿಯಾಗಿ ತೋರಿಸಿತು. ಆದರೆ ಹದಿನೆಂಟಕ್ಕೆ ಮೊದಲೇ ಮದುವೆಯಾದವರ ಪ್ರಮಾಣ ರಾಜ್ಯದಲ್ಲಿ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಶೇ 21.4 ಇತ್ತು, ಐದನೇ ಸುತ್ತಿನಲ್ಲಿ ಶೇ 21.3.

ನ್ಯಾಯದ ದೂರವೂ ಈ ಚರ್ಚೆಯ ಭಾಗ. 1956ರ ನಂತರ ಅರ್ಧ ಶತಮಾನ ವಿಜಯಪುರದವರ ಹೈಕೋರ್ಟ್ ಐನೂರು ಕಿಲೊಮೀಟರಿಗೂ ದೂರದ ಬೆಂಗಳೂರಲ್ಲಿತ್ತು. ಧಾರವಾಡ ಮತ್ತು ಗುಲಬರ್ಗಾದಲ್ಲಿ (ಈಗಿನ ಕಲಬುರಗಿ) ಸಂಚಾರಿ ಪೀಠಗಳು 2008ರ ಜುಲೈನಲ್ಲಿ ಆರಂಭವಾಗಿ, 2013ರಲ್ಲಿ ಕಾಯಂ ಆದವು. ವಿಜಯಪುರ ಕಲಬುರಗಿ ಪೀಠಕ್ಕೆ ಸೇರಿತು. ಪಾಲು ಕೇಳುವ ಅಕ್ಕನಿಗೆ ಮೇಲ್ಮನವಿ ಎಂದರೆ ರಾತ್ರಿ ಬಸ್ಸಿನ ಖರ್ಚು, ಜೊತೆಗೊಬ್ಬ ಗಂಡಸಿನ ಖರ್ಚು ಎಂದಿದ್ದ ಲೆಕ್ಕ ಆಗ ಬದಲಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯ ಬಸ್ಸಿನಲ್ಲಿ ಅವಳ ಟಿಕೆಟಿನ ಖರ್ಚೂ ಹೋಯಿತು. ಬಿಟ್ಟಿ ಎಂದು ಜರಿಯುವವರು ಎಂದಾದರೂ ಕೋರ್ಟಿನ ತಾರೀಖಿನ ದಿನ ಕಲಬುರಗಿ ಬಸ್ಸಿನಲ್ಲಿ ಕೂತು ನೋಡಬೇಕು.

ಈಗ ಲೆಕ್ಕ ಮತ್ತೆ ಏರಿದೆ. ಆಲಮಟ್ಟಿ ಅಣೆಕಟ್ಟೆಯ ಎತ್ತರವನ್ನು 519.6 ಮೀಟರಿನಿಂದ 524.256ಕ್ಕೆ ಏರಿಸುವ ಕೃಷ್ಣಾ ಮೇಲ್ದಂಡೆ ಮೂರನೇ ಹಂತಕ್ಕೆ 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ಪರಿಹಾರ ನಿಗದಿ ಮಾಡಿತು: ಮುಳುಗುವ ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿ. ಸತ್ತವರ ಹೆಸರಲ್ಲೇ ಉಳಿದ ಜಮೀನನ್ನು ವಾರಸುದಾರರಿಗೆ ವರ್ಗಾಯಿಸುವ ಇ-ಪೌತಿ ಆಂದೋಲನವೂ ಅದೇ ವರ್ಷದ್ದು. ಎರಡೂ ಕಡೆ ವಂಶಾವಳಿಯೇ ಮೊದಲ ಕಾಗದ. ಅದರಲ್ಲಿ ಹೆಸರಿಲ್ಲದವಳು ತಕರಾರು ಅರ್ಜಿ ಕೊಟ್ಟರೆ, 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಹಂಚಿಕೆಯ ಜಗಳ ತೀರುವತನಕ ಹಣ ಪ್ರಾಧಿಕಾರದಲ್ಲಿ ಠೇವಣಿಯಾಗಬೇಕು, ಅಣ್ಣನ ಖಾತೆಗೆ ಹೋಗುವಂತಿಲ್ಲ. ಹಕ್ಕು ಬಿಟ್ಟ ಪತ್ರಕ್ಕೆ ಹಿಂದೆಯೇ ಸಹಿ ಹಾಕಿದವಳ ದಾರಿ ಇನ್ನೂ ಇಕ್ಕಟ್ಟು: ಮೋಸದಿಂದ ಹಾಕಿಸಿಕೊಂಡರು ಎನ್ನುವುದಾದರೆ, ಆ ಮೋಸ ತನಗೆ ತಿಳಿದ ದಿನದಿಂದ ಮೂರು ವರ್ಷದೊಳಗೆ ಅವಳು ದಾವೆ ಹೂಡಬೇಕು.